ಏಳು ಕಪ್ಪು ಚೌಕಗಳು

ಗೆರ್ಟ್ರೂಡಳಿಗೆ ಸಿಕ್ಕಿದ ಕುಟುಂಬದಲ್ಲಿ ಮೂವರಿಗೆ ಬಣ್ಣಗುರುಡು ಇತ್ತು. ಸಹಪಾಠಿ ಹೆಲನಳ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು.

ಕಂಕನಾಡಿಯ ನರ್ಸಿಂಗ್ ಶಾಲೆಯಲ್ಲಿ ಸಿಸ್ಟರ್ ಕ್ರಿಸ್ಟಿನ್ ಕೊಟ್ಟ ಕೆಲಸವದು. ನಿಜವಾದ ಒಂದು ಕುಟುಂಬದ ವಂಶವೃಕ್ಷ ಬರೆದು, ರೋಗ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆಂದು ತೋರಿಸಬೇಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ರೋಗವಿದ್ದವರಿಗೆ ಕಪ್ಪು ಶಾಯಿ. ಮೊದಲ ಬಹುಮಾನ ಪಡೆದ ಚಾರ್ಟು ಆಸ್ಪತ್ರೆಯ ಗೋಡೆ ಏರುತ್ತದೆ.

ಪ್ರತಿ ಸಲವೂ ಗೆರ್ಟ್ರೂಡಳೇ ಮೊದಲು. ಪೆಟ್ಟು ತಿಂದ ಜೀವಕೋಶ ಮೊದಲು ಊದಿಕೊಳ್ಳುತ್ತದೆ ಎಂದು ಸಿಸ್ಟರ್ ಹಿಂದಿನ ದಿನವಷ್ಟೇ ಪಾಠ ಮಾಡಿದ್ದರು. ಹೆಲನಳ ಮುಖ ಈಗ ಹಾಗೆಯೇ ಇತ್ತು. ಅವಳ ಮನೆಯಲ್ಲೋ ನೆಗಡಿ ಬಿಟ್ಟರೆ ಬೇರೆ ರೋಗವಿಲ್ಲ. ಇಂಥ ಆರೋಗ್ಯ ಯಾರಿಗೆ ಬೇಕು? ಬೆಳಿಗ್ಗೆ ಕುಳಿತು ತನ್ನ ಐವರು ಸೋದರಮಾವಂದಿರನ್ನೂ ಇಬ್ಬರು ಅಣ್ಣಂದಿರನ್ನೂ ಬಣ್ಣಗುರುಡರೆಂದು ಕಪ್ಪು ಮಾಡಿಬಿಟ್ಟಳು. ಪೂರ್ತಿ ಹೆಸರುಗಳನ್ನೂ ಬರೆದಳು. ಗೆರ್ಟ್ರೂಡ್ ಮಾತ್ರ ತನಗೆ ಸಿಕ್ಕಿದ ಮನೆಯವರ ಮರ್ಯಾದೆ ಉಳಿಸಲು ಬರೀ ಮೊದಲಕ್ಷರ ಹಾಕಿದ್ದಳು.

ಮೊದಲ ಬಹುಮಾನ ಹೆಲನಳಿಗೇ ಬಂತು. ಜನ್ಮದಲ್ಲಿ ಮೊದಲ ಸಲ ಅವಳಿಗೆ ಹಾಸ್ಟೆಲಿನ ಗಂಜಿ ರುಚಿಸಿತು.

ಅಷ್ಟರಲ್ಲಿ ಗೆಳತಿ ಗುಲಾಬಿ ಓಡಿ ಬಂದಳು. "ಎಂತ ಮಾರಾಯ್ತಿ ಮಾಡಿದ್ದು ನೀನು? ಲೂರ್ಡ್ಸ್ ಬಾಯಿ ಬಿ.ಪಿ. ನೋಡಿಸ್ಲಿಕ್ಕೆ ಬಂದವರು ನಿನ್ನ ಚಾರ್ಟಿನ ಎದುರು ನಿಂತಿದ್ದಾರೆ. ಕನ್ನಡಕ ಬೇರೆ ಹಾಕಿದ್ದಾರೆ!"

ಹೆಲನ್ ಗಂಜಿ ಬಿಟ್ಟು ಎದ್ದಳು. ಲೂರ್ಡ್ಸ್ ಬಾಯಿಯ ಮಗ ರೇಮಂಡ್ ಕುವೈತಿನಿಂದ ರಜೆಯಲ್ಲಿ ಬಂದಿದ್ದ. ಬರುವ ಆದಿತ್ಯವಾರ ಅವಳನ್ನು ಮದುವೆಗೆ ನೋಡಲು ಬರುವವನಿದ್ದ. ಇಗರ್ಜಿಯ ಪ್ರಾರ್ಥನೆಯಲ್ಲಿ ಅವನ ಒಂದು ಕಾಲಿನಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು ಕಾಲುಚೀಲ ಕಂಡು, ಕುವೈತಿನ ಫ್ಯಾಶನ್ ಎಂದು ಅವಳು ಮೆಚ್ಚಿಕೊಂಡದ್ದೂ ಉಂಟು.

ಅವಳು ಓಡಿ ಸಿಸ್ಟರ್ ಮುಂದೆ ತಪ್ಪೊಪ್ಪಿಕೊಂಡಳು. ಸಿಸ್ಟರ್ ಹೋಗಿ ಚಾರ್ಟು ಕಿತ್ತು, ಅದೇ ಮೊಳೆಗೆ ಗೆರ್ಟ್ರೂಡಳದ್ದನ್ನು ನೇತುಹಾಕಿದರು. ಹೊಟ್ಟೆ ಉರಿದರೂ ಮದುವೆ ಉಳಿಯಿತಲ್ಲ ಎಂದುಕೊಂಡು ಹೆಲನ್ ಅಲ್ಲೇ ನಿಂತಿದ್ದ ಲೂರ್ಡ್ಸ್ ಬಾಯಿಯ ಕೈ ಹಿಡಿದಳು.

"ಬಾಯಿ, ಅದೆಲ್ಲ ಸುಳ್ಳು! ನಮ್ಮ ಮನೆಯಲ್ಲಿ ಯಾರಿಗೂ ಎಂತದೂ ಇಲ್ಲ!"

ಲೂರ್ಡ್ಸ್ ಬಾಯಿಯ ಮುಖ ಸಪ್ಪಗಾಯಿತು. "ಅಯ್ಯೋ ದೇವರೇ, ಒಬ್ಬರಿಗೂ ಇಲ್ವಾ?"

"ಒಬ್ಬರಿಗೂ ಇಲ್ಲ!"

"ನಮ್ಮ ರೇಮಂಡನಿಗೆ ಕೆಂಪು ಹಸಿರು ಎರಡೂ ಒಂದೇ ಕಾಣುವುದು ಮಗಳೇ. ನಿಮ್ಮಲ್ಲಿ ಏಳು ಮಂದಿ ಅಂತ ನೋಡಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ? ನಾಳೆ ಯಾರೂ ಯಾರನ್ನೂ ಹಂಗಿಸ್ಲಿಕ್ಕಿಲ್ಲ, ಇವತ್ತೇ ಮಾತು ಕೊಡುವಾ ಅಂತ ಇದ್ದೆ." ಅವರು ನಿಧಾನವಾಗಿ ಕೈ ಬಿಡಿಸಿಕೊಂಡರು. "ಇನ್ನು ಹೇಗೆ? ರೋಗವೂ ಇಲ್ಲ, ಬಾಯಲ್ಲಿ ಸತ್ಯವೂ ಇಲ್ಲ. ಆ ಗೆರ್ಟ್ರೂಡ್ ಎಲ್ಲಿದ್ದಾಳೆ? ನಮ್ಮ ಮನೆಗೆ ಬಂದು ಎಲ್ಲ ಬರ್ಕೊಂಡು ಹೋದವಳು, ಒಂದು ಹೆಸರು ಹೊರಗೆ ಹಾಕ್ಲಿಲ್ಲ ನೋಡು."

ಹೆಲನ್ ಗೋಡೆಯತ್ತ ತಿರುಗಿದಳು. ಗೆರ್ಟ್ರೂಡಳ ಚಾರ್ಟಿನ ಮೂರನೆಯ ಕಪ್ಪು ಚೌಕದ ಕೆಳಗೆ 'ಆರ್' ಎಂದಿತ್ತು. ಅದರ ಪಕ್ಕದಲ್ಲಿ ಒಂದು ವೃತ್ತಕ್ಕೆ ಬೇಕಾದಷ್ಟು ಜಾಗ ಖಾಲಿ ಇತ್ತು.