ಲಾಂಛನದ ಕೆಂಪು ಮನುಷ್ಯನಿಗೆ ಪ್ಯಾಂಟು

ಇಂದ,
ಓಟ್ಮಾರ್ ಕ್ನೌಪ್, ಮಾಂಸದಂಗಡಿ,
ಕೆಳಬಾಗಿಲ ಬೀದಿ, ಲಿಂಡರ್ಸ್‌ಹೌಸೆನ್.

ಗೆ,
ಮಾನ್ಯ ಮೇಯರ್ ಅವರು,
ಪುರಭವನ, ಲಿಂಡರ್ಸ್‌ಹೌಸೆನ್.

ವಿಷಯ: ನಗರ ಲಾಂಛನದಲ್ಲಿರುವ ನನ್ನ ಪೂರ್ವಜರೊಬ್ಬರಿಗೆ, ನನ್ನ ಮದುವೆಯ ಮಟ್ಟಿಗಾದರೂ, ಪ್ಯಾಂಟು ತೊಡಿಸುವ ಕುರಿತು.

ಉಲ್ಲೇಖ: "ಶೌರ್ಯಕ್ಕೆ ಬಟ್ಟೆ ಬೇಕಿಲ್ಲ" ಎಂಬ ತಮ್ಮ ಕಚೇರಿಯ ಹಿಂಬರಹ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ:

1. ಲಾಂಛನದಲ್ಲಿ ಕೊರಡು ಹಿಡಿದು ಬರಿಮೈಯಲ್ಲಿ ಓಡುತ್ತಿರುವ ಕೆಂಪು ಮನುಷ್ಯ ನಮ್ಮ ವಂಶದ ಹಿರಿಯರಾದ ಯೋಸ್ಟ್ ಕ್ನೌಪ್. ಕೆಂಪು ಬಣ್ಣ ಶೌರ್ಯದ ಸಂಕೇತವೆಂದು ಪುರಭವನದ ಫಲಕ ಹೇಳುತ್ತದೆ. ನಮ್ಮ ಮನೆಯಲ್ಲಿ ಹೇಳುತ್ತಾ ಬಂದಿರುವುದು ಬೇರೆ. ಶತಮಾನಗಳ ಹಿಂದೆ, ಊರಿಗೆ ಶತ್ರುಗಳ ಮುತ್ತಿಗೆ ಬಿದ್ದಿದ್ದಾಗ, ಒಂದು ದಿನ ಊರ ಸ್ನಾನಗೃಹದ ಒಲೆಯವನು ನೀರನ್ನು ವಿಪರೀತ ಕಾಯಿಸಿ ಅವರ ಮೈ ಸುಟ್ಟಿದ್ದ. ಅವರು ಒಲೆಯ ಪಕ್ಕದ ಕೊರಡನ್ನೇ ಎತ್ತಿಕೊಂಡು ಅವನನ್ನು ಬೀದಿಗುಂಟ ಅಟ್ಟಿಸಿಕೊಂಡು ಹೋದರು. ಕೋಟೆ ಬಾಗಿಲಲ್ಲಿದ್ದ ಸ್ವೀಡನ್ನಿನ ಸೈನಿಕರು ಆ ಕೆಂಪು ಮೈ ಕಂಡು, ಪ್ಲೇಗೆಂದು ಹೆದರಿ ಕಾಲಿಗೆ ಬುದ್ಧಿ ಹೇಳಿದರು. ಊರು ಉಳಿಯಿತು. ಉಳಿಸಿದವರಿಗೊಂದು ಬಟ್ಟೆ ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

2. ಸದರಿ ಹಿರಿಯರ ಮೂಗು, ಹೊಟ್ಟೆ, ಬೋಳುತಲೆ ನನಗೆ ಯಥಾವತ್ತಾಗಿ ಬಂದಿವೆ.

3. ವಿಧುರನಾದ ನನ್ನನ್ನು ಮದುವೆಯಾಗಲು ದರ್ಜಿ ರೋಸ್ವಿಥಾ ಒಪ್ಪಿದ್ದಾರೆ. ಆದರೆ ಮದುವೆ ನೋಂದಣಿ ನಡೆಯುವುದು ಪುರಭವನದ ಆಳೆತ್ತರದ ಲಾಂಛನದ ಕೆಳಗೆ. ಆದಕಾರಣ ಆಕೆ, "ಗೋಡೆ ಮೇಲೊಬ್ರು, ನನ್ ಪಕ್ಕದಲ್ಲೊಬ್ರು. ಜನ ತಾಳೆ ನೋಡ್ದೆ ಇರ್ತಾರೇನ್ರೀ? ಮೊದ್ಲು ಅವ್ರಿಗೆ ಪ್ಯಾಂಟ್ ಹಾಕ್ಸಿ, ಆಮೇಲೆ ನಾನ್ ಬರ್ತೀನಿ" ಎಂದುಬಿಟ್ಟಿದ್ದಾರೆ.

4. ಇದನ್ನು ತಮ್ಮಲ್ಲಿ ತೋಡಿಕೊಂಡಾಗ ತಾವು, "ಅಲ್ರೀ ಕ್ನೌಪ್, ಗುರುವಾರ ಬಂದ್ರೆ ಹಬೆಮನೇಲಿ ಊರೋರೆಲ್ಲ ಹಂಗೇ ಬರಿಮೈಲಿ ಕೂತಿರ್ತೀವಿ, ರೋಸ್ವಿಥಾನೂ ಇರ್ತಾರೆ. ಅಲ್ಲಿಲ್ಲದ ನಾಚಿಕೆ ಇಲ್ಲೇನ್ರೀ?" ಎಂದು ನಕ್ಕಿರಿ. ಅದಕ್ಕೆ ಆಕೆಯ ಉತ್ತರ: "ಅಲ್ಲಿ ಎಲ್ರೂ ಹಂಗೇ ಇರ್ತಾರೆ. ಇಲ್ಲಿ ಅವರೊಬ್ರೇ."

5. ಮಾನ್ಯರೇ, ನನಗೆ ಒಂಟಿತನ ಸಾಕಾಗಿದೆ. ಭಾನುವಾರ ಒಬ್ಬನಿಗಾಗಿ ಆಲೂಗಡ್ಡೆ ಸುಲಿಯುವುದು ಇನ್ನು ನನ್ನಿಂದಾಗದು.

ಆದ್ದರಿಂದ, ಲಗತ್ತಿಸಿರುವ ಪ್ಯಾಂಟನ್ನು ಮದುವೆಯ ದಿನ ಲಾಂಛನಕ್ಕೆ ತೊಡಿಸಬೇಕಾಗಿ ಪ್ರಾರ್ಥನೆ. ನಿಯಮಾನುಸಾರ ಅದು ಸಾಧ್ಯವಾಗದಿದ್ದಲ್ಲಿ, ನೋಂದಣಿಯನ್ನು ಗುರುವಾರ ಹಬೆಮನೆಯಲ್ಲೇ ನಡೆಸಿಕೊಡಬೇಕು. ರೋಸ್ವಿಥಾ ಒಪ್ಪಿದ್ದಾರೆ. ತಾವು ಹೇಗೂ ಅಲ್ಲಿರುತ್ತೀರಿ. ಮುದ್ರೆಯೊಂದನ್ನು ತಂದರೆ ಸಾಕು.

ಮದುವೆಗೆ ಕಾದಿರುವ ತಮ್ಮ ವಿಶ್ವಾಸಿ,
ಓಟ್ಮಾರ್ ಕ್ನೌಪ್

ಲಗತ್ತು: ಪ್ಯಾಂಟು, ಒಂದು. ಹೊಲಿದವರು ರೋಸ್ವಿಥಾ. ಅಳತೆಗೆ ನಾನೇ ನಿಂತಿದ್ದೆ.

ವಿಶೇಷ ಸೂಚನೆ: ಹಬೆಮನೆಯೇ ಎಂದಾದಲ್ಲಿ ಸದರಿ ಪ್ಯಾಂಟನ್ನು ದಯವಿಟ್ಟು ಹಿಂದಿರುಗಿಸುವುದು. ಮದುವೆ ಮುಗಿಸಿ ಹೆಂಡತಿಯೊಡನೆ ಮನೆಗೆ ಹೋಗುವಾಗ ಬೇಕಾಗುತ್ತದೆ.