ಕಾಕಾನ ವಜೀರ, ಚಾಚಾನ ಟೋಪಿ

ಎರಡು ನೂರು ವರ್ಷ ಹಿಂದಿನ ಸ್ಪೇನಿನ ಮಂತ್ರಿಯೊಬ್ಬ ಬೀದರಿನ ನಮ್ಮ ಮನೆಯಲ್ಲಿ ವಾಸವಾಗಿದ್ದ ಎಂದರೆ ನಂಬುತ್ತೀರಾ? ಇದ್ದ, ನಮ್ಮ ಕಾಕಾನ ಬಾಯಲ್ಲಿ! ಕಾಕಾ ಚರಿತ್ರೆಯ ಮಾಸ್ತರರು. ಯಾವುದೋ ಉರ್ದು ಪುಸ್ತಕದಲ್ಲಿ ಆ ವಜೀರ ಅವರಿಗೆ ಸಿಕ್ಕಿದ್ದ.

ಇಟಲಿಯಿಂದ ಬಂದವನು, ಫೌಜಿಗೆ ದವಸ ಒದಗಿಸುತ್ತ ಖಜಾನೆಯ ಮಂತ್ರಿಯಾದ. ರಾಜಧಾನಿಯ ಬೀದಿಗಳಿಗೆ ದೀಪ ಹಾಕಿಸಿದ. ಅಷ್ಟಕ್ಕೆ ಸುಮ್ಮನಿರಬಾರದೆ? ಉದ್ದ ನಿಲುವಂಗಿ, ಅಗಲ ಟೋಪಿ ತೊಡಬಾರದೆಂದು ಹುಕುಂ ಹೊರಡಿಸಿದ. ಜನ ದಂಗೆ ಎದ್ದು ದೀಪಗಳನ್ನೇ ಒಡೆದರು! ರಾಜ ಅವನನ್ನು ದೇಶದಿಂದ ಕಳಿಸಿಬಿಟ್ಟ. "ವೆನಿಸ್‌ನಾಗ ರಾಯಭಾರಿ ಆಗಿ, ವಾಪಸ್ ಬಾ ಅಂತ ರಾಜನ ಕರಿ ಬರೂ ದಾರಿ ನೋಡ್ಕೋತ ಸತ್ತ. ಮಂದಿ ಟೋಪಿಗಿ ಕೈ ಹಾಕಬಾರದು," ಎಂದು ಕಾಕಾ ಮುಗಿಸುವರು. ಈ ಕಥೆಗೆ ಹೆದರಿ ಭಾಲ್ಕಿಯ ಬೀಗರು ಹೋಳಿಗೆ ಬಿಟ್ಟು ಎದ್ದದ್ದುಂಟು.

ಕೊನೆತನಕ ಕೇಳುತ್ತಿದ್ದವರು ಕಾಕಾನ ಗೆಳೆಯ ಟೋಪಿ ಚಾಚಾ ಒಬ್ಬರೇ. ಮುಸಲ್ಮಾನರು ತೊಡುವ ಕೆಂಪು ರೂಮಿ ಟೋಪಿಯನ್ನು ಹಿತ್ತಾಳೆಯ ಅಚ್ಚಿನ ಮೇಲೆ ಒತ್ತಿ ಕೊಡುವುದು ಅವರ ಕಸುಬು.

"ಮಾಸ್ತರ್, ಒಂದ್ ಸಲ ಆ ವಜೀರನ್ನ ವಾಪಸ್ ಕರಸ್ರಿ. ನಿಮ್ಮ ಬಾಯಾಗೇ ಅದ ಅಲ್ಲ!"

"ಚರಿತ್ರಿ ಅಂದ್ರ ಟೋಪಿ ಏನಪಾ, ಬೇಕಾದಂಗ ಒತ್ತಾಕ?"

ಭಾರತದ ಫೌಜು ಬಂದು ಪೊಲೀಸ್ ಆ್ಯಕ್ಷನ್ ಆಯಿತು. ರಜಾಕಾರರ ಭಯ ನಮ್ಮ ಮನೆ ಬಿಟ್ಟಿತು. ಚಾಚಾನಂಥ ಮುಸಲ್ಮಾನರ ಮನೆಗೆ ಬೇರೆ ಭಯ ಬಂತು. ಹಳ್ಳಿಗಳ ಕೊಲೆಯ ಸುದ್ದಿಯನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ರೂಮಿ ಟೋಪಿಗಳು ಬಾವಿ ಸೇರಿದವು. ಚಾಚಾನ ಮಗಳು ಸಂತಪುರದಲ್ಲಿದ್ದಳು. ಅವಳನ್ನು ಕರೆತರಲು ಹೊರಟ ಚಾಚಾನ ಟೋಪಿ ತೆಗೆದು, ಕಾಕಾ ತಮ್ಮ ರುಮಾಲನ್ನು ಅವರ ತಲೆಗೆ ಬಿಗಿದು ಕಟ್ಟಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

"ವಜೀರನ ಹುಕುಂ ಕಡೀಗಿ ನಡೀತು ನೋಡ್ರಿ," ಎಂದು ಚಾಚಾ ನಕ್ಕರು.

ಅವರ ಟೋಪಿಯನ್ನು ಎಲ್ಲಿಡುವುದು? ಕಾಕಾ ತಲೆಗೇ ಇಟ್ಟುಕೊಂಡರು!

"ಊರೆಲ್ಲ ತೆಗದು ಒಗೀಲಾಕತ್ತದ, ನೀವು ಹಾಕ್ಕೋತೀರಿ? ತೆಗೀರಿ ಅದನ್ನ!" ಕಾಕಾನ ಹೆಂಡತಿ, ನಮ್ಮ ಕಾಕು, ಚೀರಿದಳು.

"ಅವಂದು ಅಮಾನತು ಅದ, ಕಾಯ್ದ ಇಡಬೇಕು. ಅವ ಬಂದ ಮ್ಯಾಲ ತೆಗೀತೇನಿ."

ಸಣ್ಣ ಟೋಪಿ ಆ ದೊಡ್ಡ ಬೋಳು ತಲೆಯ ಮೇಲೆ ಮಗುಚಿಟ್ಟ ಲೋಟದಂತಿತ್ತು. ನಾವು ಯಾರೂ ನಗಲಿಲ್ಲ.

ಸಂತಪುರದ ಮೇಲಿಂದ ಬರುವ ಔರಾದಿನ ಬಸ್ಸು ಮತ್ತೆ ಓಡತೊಡಗಿತು. ಕಾಕಾ ನಿಲ್ದಾಣಕ್ಕೆ ಹೋಗಿ ನಿಲ್ಲುವರು. ರುಮಾಲು ಕಟ್ಟಿದವರು ಬಹಳ ಮಂದಿ ಇಳಿದರು. ಚಾಚಾ ಇಳಿಯಲಿಲ್ಲ, ಮಗಳೂ ಇಳಿಯಲಿಲ್ಲ. ಏನಾಯಿತೆಂದು ಯಾರೂ ಹೇಳಲಿಲ್ಲ. ನನಗೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯಲಾರೆ.

ಒಂದು ಸಂಜೆ ಕಾಕಾನನ್ನು ಕರೆಯಲು ಹೋದೆ. ಮುಚ್ಚಿದ ಟೋಪಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಬಾಗಿಲ ಕಡೆ ಮುಖಮಾಡಿ, ಅದೇ ಕಥೆ ಹೇಳುತ್ತಿದ್ದರು. ವೆನಿಸ್‌ ತನಕ ಬಂದು ಕಥೆ ನಿಲ್ಲಿಸಿದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಅಂದರು:

"ರಾಜ ಕರಸಿದನಪಾ. ವಜೀರ ಹೊಂಟಾನ. ದಾರಿಯಾಗ ಅದಾನ."