ಕುಡಿಯದವನು ಏನನ್ನು ಬಿಡಬೇಕು?

ನಮ್ಮ ಕಡೆ ಮನುಷ್ಯನಿಗೆ ಯಾವ ಕಾಯಿಲೆ ಬಂದರೂ ಪರವಾಗಿಲ್ಲ, ಹೇಳಿಕೊಳ್ಳುವಂಥದ್ದು ಬರಬೇಕು. ಸಕ್ಕರೆ ಕಾಯಿಲೆಯವರು ಮದುವೆಮನೆಯಲ್ಲಿ ಹೋಳಿಗೆ ಎಲೆಗೆ ಬೀಳುವ ಮುಂಚೆಯೇ ತಮ್ಮ ಶುಗರಿನ ವರದಿ ಒಪ್ಪಿಸುತ್ತಾರೆ. ಬಿ.ಪಿ. ಇರುವವರಿಗೆ ಅದೊಂದು ದೊಡ್ಡಸ್ತಿಕೆ. ನನಗೆ ಬಂದದ್ದು ಮೂರ್ಛೆ ರೋಗ. ಮಗಳಿಗೆ ನಾಳೆ ಗಂಡು ನೋಡಬೇಕಾದ ಮನೆಯಲ್ಲಿ ಅದನ್ನು ಬಾಯಿಬಿಡಬಾರದು ಎಂದು ನಮ್ಮವರೆಲ್ಲ ತೀರ್ಮಾನಿಸಿ ಹನ್ನೊಂದು ವರ್ಷವಾಯಿತು. ಅಂದಿನಿಂದ ನನ್ನ ಮಾತ್ರೆಗಳು ಅಡುಗೆಮನೆಯ ಮೆಂತ್ಯದ ಡಬ್ಬಿಯಲ್ಲಿ ವಾಸವಾಗಿದ್ದವು.

ನಿಜ ಹೇಳಬೇಕೆಂದರೆ ರೋಗದ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಅದು ದೂರದ ನೆಂಟರ ಹಾಗೆ ಎರಡು ಮೂರು ವರ್ಷಕ್ಕೊಮ್ಮೆ ಬಂದು, ಎರಡು ನಿಮಿಷ ಕೂತು ಎದ್ದು ಹೋಗುತ್ತದೆ. ಮಾತ್ರೆ ಮನೆಅಳಿಯ. ಎಷ್ಟು ತಿಂದರೂ ಸಾಲದು ಎನ್ನಿಸುತ್ತದೆ, ಕೂತಲ್ಲೇ ತೂಕಡಿಸುವಂತೆ ಮಾಡುತ್ತದೆ, ತಲೆಗೂದಲನ್ನು ಬಾಚಣಿಗೆಗೆ ದಾನ ಕೊಡಿಸುತ್ತದೆ. ಎರಡು ಮುದ್ದೆ ಉಣ್ಣುತ್ತಿದ್ದವನು ಮೂರನೆಯದಕ್ಕೆ ಕೈ ಚಾಚಿದರೆ ಹೆಂಡತಿ ಮಂಜುಳ ಮಾತಾಡದೆ ಸಾರಿನ ಪಾತ್ರೆ ಮುಂದಕ್ಕೆ ತಳ್ಳುತ್ತಾಳೆ. ಆ ಮೌನವನ್ನು ಮಾತ್ರ ತಡೆಯಲಾಗುವುದಿಲ್ಲ. ಇದೆಲ್ಲ ಹೋಗಲಿ. ಕೈ ನಡುಗುತ್ತದಲ್ಲ, ಅದು ಹೊಟ್ಟೆಪಾಡಿನ ಪ್ರಶ್ನೆ. ನಾನು ಮೇಲೂರಿನ ಪಕ್ಕದ ಹಳ್ಳಿಯಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ಒಬ್ಬೊಬ್ಬರ ಹಾಲಿನಿಂದಲೂ ಸ್ಯಾಂಪಲ್ ತೆಗೆದು ಫ್ಯಾಟು ನೋಡಬೇಕು. ನಾನು ಸೌಟು ಎತ್ತಿದರೆ ಅರ್ಧ ಶೀಶೆಗೆ, ಅರ್ಧ ನನ್ನ ಅಂಗಿಗೆ. ಕಣ್ಣು ಬೇರೆ ಅರೆಮುಚ್ಚಿರುತ್ತದೆ. ಎರಡನ್ನೂ ಕೂಡಿಸಿದ ಊರಿಗೆ ಸಿಕ್ಕಿದ ಉತ್ತರ ಒಂದೇ: ಸೆಕ್ರೆಟ್ರಿ ಕುಡೀತಾನೆ.

ಹೋದ ವರ್ಷ ಡೇರಿಗೆ ಇನ್ಸ್‌ಪೆಕ್ಷನ್ ಬರುತ್ತದೆ ಎಂದಾಗ ನಾನೊಂದು ಘನಂದಾರಿ ಕೆಲಸ ಮಾಡಿದೆ. ಮೂರು ದಿನ ಮಾತ್ರೆ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ, ದಡ್ಡತನಕ್ಕೆ ಯಾರ ಅಪ್ಪಣೆ ಬೇಕು? ಕೈ ಕೊಂಚ ನೆಟ್ಟಗಾಯಿತು, ಸಾಹೇಬರು ತಲೆದೂಗಿ ಹೋದರು. ಮಾರನೆಯ ಬೆಳಿಗ್ಗೆ ಡೇರಿಗೆ ಹೊರಟವನು ನಮ್ಮ ಜಗಲಿಯ ಮೇಲೆಯೇ ಬಿದ್ದೆ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕು ಎಂಬುದು ನಮ್ಮಲ್ಲಿ ನಿನ್ನೆ ಹುಟ್ಟಿದ ಮಗುವಿಗೂ ಗೊತ್ತು. ಗಾಬರಿಯಲ್ಲಿ ಮಂಜುಳಾಗೆ ಸಿಕ್ಕಿದ ಕಬ್ಬಿಣವೆಂದರೆ ನನ್ನ ಜೇಬಿನಲ್ಲಿದ್ದ ಡೇರಿಯ ಬೀಗದ ಕೈ ಗೊಂಚಲು. ಅದನ್ನೇ ಮುಷ್ಟಿಯೊಳಗೆ ತುರುಕಿದಳು. ಸೆಳೆತ ನಿಂತ ಮೇಲೂ ಮಂಪರಿನಲ್ಲಿದ್ದ ನಾನು ಅದನ್ನು ಬಿಡಲಿಲ್ಲವಂತೆ. ಅತ್ತ ಡೇರಿ ಮುಂದೆ ಇಡೀ ಊರಿನ ಹಾಲು ಕಾಯುತ್ತಿತ್ತು. ಬೀಗದ ಕೈ ಕೇಳಲು ಜನ ಮನೆಗೇ ಬಂದರೆ ಏನು ನೋಡುವುದು? ಸೆಕ್ರೆಟ್ರಿ ಜಗಲಿ ಮೇಲೆ ಅಂಗಾತ, ಬಾಯಲ್ಲಿ ನೊರೆ, ಪಂಚೆ ಎಲ್ಲೋ. ಆಗ ನಮ್ಮ ಮನೆಯ ಮಾನ ಕಾಯಲು ಮುಂದೆ ಬಂದವನು ನನ್ನ ಬಾಮೈದ ಸೀನ. "ಏನಿಲ್ಲ ಕಣ್ರಪ್ಪ, ಭಾವಂಗೆ ರಾತ್ರಿ ಸ್ವಲ್ಪ ಜಾಸ್ತಿ ಆಯ್ತು, ಅಷ್ಟೆ," ಎಂದನಂತೆ. ರಾತ್ರಿ ನಿಜವಾಗಿ ಜಾಸ್ತಿಯಾಗಿದ್ದದ್ದು ಅವನಿಗೇ. ಎಚ್ಚರವಾದ ಮೇಲೆ ನಾನು ಅವನ ಕತ್ತಿನ ಪಟ್ಟಿ ಹಿಡಿದಾಗ ಅವನು ತಣ್ಣಗೆ ಹೇಳಿದ: "ಕುಡಿಯೋನ ಮಗಳಿಗೆ ಗಂಡು ಸಿಗ್ತಾನೆ ಭಾವ, ಮೂರ್ಛೆ ಬರೋನ ಮಗಳಿಗೆ ಸಿಗಲ್ಲ." ನಾನು ಪಟ್ಟಿ ಬಿಟ್ಟೆ.

ಚಿಕ್ಕಬಳ್ಳಾಪುರದ ಡಾಕ್ಟರಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವರು; ಬೈದದ್ದು ಮಾತ್ರ ನಮ್ಮಜ್ಜಿಯ ಹಾಗೆ. ನಾವೇ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಬರುತ್ತದೆ, ಬಿದ್ದವರನ್ನು ಮಗ್ಗುಲಿಗೆ ಮಲಗಿಸಬೇಕೇ ಹೊರತು ಕಬ್ಬಿಣದಿಂದ ಏನೂ ಆಗುವುದಿಲ್ಲ ಎಂದರು. ಒಂದು ಮಾತ್ರೆಯನ್ನು ನಿಧಾನವಾಗಿ ಇಳಿಸಿ ಇನ್ನೊಂದನ್ನು ನಿಧಾನವಾಗಿ ಏರಿಸುವ ಚೀಟಿ ಬರೆದರು. ಕೈ ನಡುಗುವುದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದರು. ರೋಗವನ್ನು ಮುಚ್ಚಿಟ್ಟೂ ಮುಚ್ಚಿಟ್ಟೂ ಡಾಕ್ಟರ ಹತ್ತಿರವೂ ಮುಚ್ಚಿಡುವ ಅಭ್ಯಾಸವಾಗಿಹೋಗಿತ್ತು.

ಹೊಸ ಮಾತ್ರೆ ಒಗ್ಗುವ ಮುಂಚೆಯೇ ಡೇರಿ ಕಮಿಟಿ ನನ್ನ ವಿಚಾರಕ್ಕೆ ಸಭೆ ಕರೆಯಿತು. ಅಧ್ಯಕ್ಷರಾದ ಗೌಡರು ಒಳ್ಳೆಯವರು, ಅದೇ ತೊಂದರೆ. ಒಂದು ಬಿಳಿ ಹಾಳೆ ಮುಂದಿಟ್ಟು, ಇನ್ನು ಮೇಲೆ ಕುಡಿಯುವುದಿಲ್ಲ ಅಂತ ಬರೆದು ಸೈನ್ ಮಾಡಿದರೆ ಕೆಲಸ ಇರುತ್ತದೆ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಸೀನ ಹಿಂದಿನಿಂದ ನನ್ನ ಬೆನ್ನು ತಿವಿದ. ಸೈನ್ ಮಾಡಿದ್ದರೆ ಕೆಲಸವೂ ಉಳಿಯುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು. ಪೆನ್ನು ಹಿಡಿದೆ. ಕೈ ನಡುಗಿತು. ಯಾರೋ ಕಿಸಕ್ಕೆಂದು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು.

"ಕುಡಿಯೋ ಅಭ್ಯಾಸನೇ ಇಲ್ಲದೋನು ಏನನ್ನ ಬಿಡ್ಲಿ ಗೌಡ್ರೆ? ನನಗೆ ಮೂರ್ಛೆ ರೋಗ ಇದೆ. ಕೈ ನಡುಗೋದು ಮಾತ್ರೆಯಿಂದ. ಮಾತ್ರೇನೂ ಬಿಡಲ್ಲ, ಕೆಲಸಾನೂ ಬಿಡಲ್ಲ. ಬೇಕಾದ್ರೆ ಇದನ್ನ ಬರ್ಕೊಡ್ತೀನಿ," ಎಂದು ಜೇಬಿನಲ್ಲಿದ್ದ ಮಾತ್ರೆಯ ಹಾಳೆಯನ್ನು ಅವರ ಬಿಳಿ ಹಾಳೆಯ ಮೇಲೆ ಕುಕ್ಕಿದೆ.

ಫ್ಯಾಟು ಕಡಿಮೆ ಬಂತೆಂದು ನನ್ನ ಜೊತೆ ದಿನಾ ಜಗಳವಾಡುವ ಅಕ್ಕಾಯಮ್ಮ ಮೊದಲು ಬಾಯಿಬಿಟ್ಟಳು. "ಏಮಪ್ಪಾ, ಇಷ್ಟು ವರ್ಷ ನಿನ್ನ ಕುಡುಕ ಅಂತ ಬೈದಿದ್ದೆಲ್ಲ ದಂಡ ಆಯ್ತಲ್ಲ," ಎಂದಳು. ಆಮೇಲೆ, ಕೈ ನಡುಗುವ ದಿನ ತನ್ನ ಎಮ್ಮೆ ಹಾಲಿನ ಸ್ಯಾಂಪಲನ್ನು ತಾನೇ ತೆಗೆದುಕೊಡುವುದಾಗಿ ಹೇಳಿದಳು. ಈ ಔದಾರ್ಯವನ್ನು ಕಮಿಟಿ ಒಪ್ಪಲಿಲ್ಲ. ಗೌಡರು ಬಿಳಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಹಾಕಿಕೊಂಡರು. ಕೆಲಸ ಉಳಿಯಿತು.

ಈಗ ಮಾತ್ರೆಗಳು ಮೆಂತ್ಯದ ಡಬ್ಬಿ ಬಿಟ್ಟು ಡೇರಿಯ ಕಿಟಕಿಗೆ ಬಂದಿವೆ. ಏಳು ಗಂಟೆಗೆ ಎಲ್ಲರೆದುರೇ ನುಂಗುತ್ತೇನೆ. ಮರೆತರೆ ನೆನಪಿಸಲು ಕ್ಯಾನು ಹಿಡಿದ ಒಂದು ಸಾಲೇ ಇದೆ. ನಡುಕ ಮುಕ್ಕಾಲು ಪಾಲು ಹೋಗಿದೆ. ಮೂರನೇ ಮುದ್ದೆ ಮಾತ್ರ ಉಳಿದುಕೊಂಡಿದೆ, ಅದಕ್ಕೆ ಮಾತ್ರೆಯೇ ಕಾರಣವೆಂದು ಈಗಲೂ ಹೇಳುತ್ತೇನೆ. ಗುಟ್ಟು ರಟ್ಟು ಮಾಡಿದ್ದಕ್ಕೆ ಮಗಳು ಏನೆನ್ನುತ್ತಾಳೋ ಎಂದು ಹೆದರಿದ್ದೆ. ಅವಳು ಪುಸ್ತಕದಿಂದ ಕಣ್ಣೆತ್ತದೆ, "ಅದಕ್ಕೇ ಬೇಡ ಅನ್ನೋನು ನಂಗೂ ಬೇಡ ಬಿಡಪ್ಪ," ಎಂದಳು. ಆ ದಿನ ನಾನು ಅತ್ತದ್ದು ಮಾತ್ರೆಯಿಂದಲ್ಲ.

ಇನ್ನು ಸೀನ. ಹೋದ ವಾರ ಚಿಂತಾಮಣಿಯಿಂದ ಅವನ ಮಾವ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು, ಅಳಿಯಂದಿರ ಕೈ ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ನಡುಗುತ್ತದೆ, ಕೇಳಿದರೆ ಭಾವನಿಗೆ ಕೊಟ್ಟಿರುವ ಮಾತ್ರೆಯೇ ನನಗೂ ಅನ್ನುತ್ತಾರೆ, ನಿಜವೇ ಎಂದರು. ಅವರ ಹಿಂದೆ ನಿಂತ ಸೀನ ಹಗ್ಗಕ್ಕೆ ಸಿಕ್ಕಿದ ಕರುವಿನ ಹಾಗೆ ನನ್ನನ್ನೇ ನೋಡುತ್ತಿದ್ದ. ಸತ್ಯಕ್ಕಾಗಿ ಇಡೀ ಕಮಿಟಿಯನ್ನು ಎದುರು ಹಾಕಿಕೊಂಡವನು ನಾನು. ಗಂಟಲು ಸರಿಮಾಡಿಕೊಂಡು ಹೇಳಿದೆ:

"ಹೌದು ಯಜಮಾನ್ರೆ. ರಾತ್ರಿ ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೆ."